ಕಾರಿಗೆ ವಯಸ್ಸಾಗುತ್ತೆ, ಸ್ಪೇರ್ ಪಾರ್ಟ್ಸ್ ಬೆಲೆಗಲ್ಲ

ಕಳೆದ ವರ್ಷ ಯುಗಾದಿಗೆ ಎರಡು ವಾರ ಇರುವಾಗ ಬೆಂಗಳೂರಿನಿಂದ ಅಣ್ಣನ ಫೋನು. ‘ಲೋ, ಒಂದು ಕಾರು ನೋಡಿದೀನಿ. ನೀನು ಮೆಕ್ಯಾನಿಕಲ್ ಓದ್ತಿದೀಯಲ್ಲ, ಬಂದು ಒಂದ್ಸಲ ನೋಡು.’ ಮನೆಯಲ್ಲಿ ಮೊದಲ ಬಾರಿಗೆ ನನ್ನ ಓದಿಗೆ ಇಷ್ಟು ಬೆಲೆ ಸಿಕ್ಕಿತ್ತು. ದಾವಣಗೆರೆಯಿಂದ ಶನಿವಾರ ರಾತ್ರಿಯ ಬಸ್ ಹತ್ತಿಯೇ ಬಿಟ್ಟೆ.

ಅದು ಜರ್ಮನ್ ಕಂಪನಿಯ ಹನ್ನೊಂದು ವರ್ಷದ ಡೀಸೆಲ್ ಕಾರು. ಹೊಸದಾಗಿದ್ದಾಗ ₹60 ಲಕ್ಷದ ಮೇಲಿತ್ತಂತೆ. ಈಗ ₹9 ಲಕ್ಷ. ಆ ದುಡ್ಡಿಗೆ ಹೊಸದು ಅಂದರೆ ಒಂದು ಸಣ್ಣ ಕಾರು ಬರುತ್ತದೆ ಅಷ್ಟೆ. ಬಾನೆಟ್ ಎತ್ತಿ ನೋಡಿದೆ, ಎಂಜಿನ್ ಸದ್ದು ಕೇಳಿದೆ, ಒಂದು ರೌಂಡ್ ಹೋಗಿ ಬಂದೆವು. ನಿಜ ಹೇಳಬೇಕೆಂದರೆ, ಬಾಗಿಲು ಹಾಕಿದಾಗ ಬಂದ ಆ ಗಟ್ಟಿ ಸದ್ದಿಗೇ ನಾನು ಸೋತಿದ್ದೆ. ‘ಸೂಪರ್ ಆಗಿದೆ, ತಗೋ ಅಣ್ಣ’ ಅಂದೆ. ಅವನು ಸಾಲ ಮಾಡಿ ತಗೊಂಡ.

ಮೂರನೇ ತಿಂಗಳು ಒಂದು ಬೆಳಿಗ್ಗೆ ಕಾರಿನ ಹಿಂಭಾಗ ನೆಲಕ್ಕೆ ಕುಸಿದಿತ್ತು. ಇಂಥ ಕೆಲವು ಕಾರುಗಳಲ್ಲಿ ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲ ಇರುತ್ತದೆ. ವರ್ಷ ಕಳೆದಂತೆ ರಬ್ಬರ್ ಬಿರುಕು ಬಿಟ್ಟು ಗಾಳಿ ಸೋರುತ್ತದೆ. ಅದನ್ನು ತುಂಬಿಸಲು ಕಂಪ್ರೆಸರ್ ಬಿಡುವಿಲ್ಲದೆ ಓಡಿ ಕಡೆಗೆ ಅದೂ ಸುಟ್ಟುಹೋಗುತ್ತದೆ. ಕಂಪನಿ ಪಾರ್ಟ್ಸ್ ಬಿಟ್ಟು ಹೊರಗಿನದ್ದು ಹಾಕಿಸಿದರೂ ₹1.15 ಲಕ್ಷ ಆಯಿತು. ‘ತಗೊಳ್ಳೋ ಮುಂಚೆ ಸ್ಕ್ಯಾನ್ ಮಾಡಿಸಿದ್ರಾ ಸಾರ್?’ ಅಂತ ಗ್ಯಾರೇಜಿನ ಮೆಕ್ಯಾನಿಕ್ ಕೇಳಿದರು. ಅಣ್ಣ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ಆಮೇಲೆ ಒಂದರ ಹಿಂದೆ ಒಂದು. ಎಂಜಿನ್ ತಂಪಾಗಿಡುವ ವ್ಯವಸ್ಥೆಯ ಪ್ಲಾಸ್ಟಿಕ್ ಭಾಗಗಳು ಬಿಸಿಗೆ ಪೆಡಸಾಗಿ ಒಡೆದು ಕೂಲೆಂಟ್ ಸೋರಿತು. ವಾಟರ್ ಪಂಪೂ ಸೇರಿ ₹48 ಸಾವಿರ. ಪಂಕ್ಚರ್ ಆದರೂ ಸ್ವಲ್ಪ ದೂರ ಓಡುವ ರನ್‌ಫ್ಲಾಟ್ ಟೈರು ನಾಲ್ಕಕ್ಕೆ ₹72 ಸಾವಿರ. ಬ್ಯಾಟರಿಗೆ ₹25 ಸಾವಿರ. ಅದನ್ನು ಬದಲಿಸಿದರಷ್ಟೇ ಸಾಲದು, ಕಂಪ್ಯೂಟರ್ ಜೋಡಿಸಿ ಹೊಸ ಬ್ಯಾಟರಿ ಬಂದಿದೆ ಎಂದು ಕಾರಿಗೆ ತಿಳಿಸಲೂ ಬೇಕಿತ್ತು.

ಅಷ್ಟರಲ್ಲಿ ನನ್ನ ಮೂರನೇ ವರ್ಷದ ಫೀಸು ಕಟ್ಟುವ ದಿನ ಬಂತು. ಅಪ್ಪನ ಅಂಗಡಿ ಮನೆ ಖರ್ಚಿಗೆ ಸರಿಹೋಗುತ್ತದೆ. ನನ್ನ ಫೀಸು ಕಟ್ಟುತ್ತಿದ್ದವನು ಅಣ್ಣನೇ. ‘ಇನ್ನೊಂದು ತಿಂಗಳು ಟೈಮ್ ಕೇಳು ಕಣೋ’ ಅಂದ. ಅವನ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. ಕಡೆಗೆ ಅಮ್ಮನ ಬಳೆ ಬ್ಯಾಂಕಿಗೆ ಹೋಯಿತು. ದಂಡ ಸೇರಿಸಿ ಫೀಸು ಕಟ್ಟಿದೆವು.

ಗೇರ್‌ಬಾಕ್ಸ್ ಜರ್ಕ್ ಹೊಡೆಯಲು ಶುರುವಾದಾಗ ಅದರೊಳಗಿನ ನಿಯಂತ್ರಣ ಘಟಕಕ್ಕೆ ₹2.8 ಲಕ್ಷ ಅಂದರು. ಅದನ್ನು ಮಾಡಿಸಲಿಲ್ಲ. ಹನ್ನೊಂದನೇ ತಿಂಗಳಿಗೆ ಕಾರನ್ನು ₹4.25 ಲಕ್ಷಕ್ಕೆ ಮಾರಿದ. ಲೆಕ್ಕ ಹಾಕಿ: ಕೊಂಡದ್ದು ₹9 ಲಕ್ಷ, ರಿಪೇರಿ ₹2.6 ಲಕ್ಷ, ವಾಪಸ್ ಬಂದದ್ದು ₹4.25 ಲಕ್ಷ. ಹೋದದ್ದು ₹7.35 ಲಕ್ಷ. ಅಂದರೆ ತಿಂಗಳಿಗೆ ಸುಮಾರು ₹67 ಸಾವಿರ. ಡೀಸೆಲ್, ಇನ್ಶೂರೆನ್ಸ್, ಸಾಲದ ಬಡ್ಡಿ ಇದರಲ್ಲಿ ಸೇರಿಲ್ಲ.

ಕಾರು ಕೆಟ್ಟದ್ದಾಗಿತ್ತಾ? ಇಲ್ಲ. ಹೈವೇಯಲ್ಲಿ ಅದರ ಓಟ, ಬ್ರೇಕು ಎಲ್ಲ ಅದ್ಭುತ. ತಪ್ಪಿದ್ದು ನಮ್ಮ ಲೆಕ್ಕ. ಮಾರುಕಟ್ಟೆಯಲ್ಲಿ ಕಾರಿನ ಬೆಲೆ ವರ್ಷ ವರ್ಷ ಇಳಿಯುತ್ತದೆ. ಆದರೆ ಅದರ ಪಂಪು, ಸೆನ್ಸರು, ಗೇರ್‌ಬಾಕ್ಸಿನ ಬೆಲೆ ಅದರ ಜೊತೆ ಇಳಿಯುವುದಿಲ್ಲ. ₹9 ಲಕ್ಷ ಕೊಟ್ಟು ನಾವು ಕೊಂಡದ್ದು ₹9 ಲಕ್ಷದ ಕಾರನ್ನಲ್ಲ, ₹60 ಲಕ್ಷದ ಕಾರಿನ ಖರ್ಚನ್ನು. ಆನೆ ಅಗ್ಗಕ್ಕೆ ಸಿಗಬಹುದು, ಅದರ ಮೇವು ಅಗ್ಗವಾಗುವುದಿಲ್ಲ.

ಇನ್ಶೂರೆನ್ಸ್ ಇದೆಯಲ್ಲ ಎನ್ನಬೇಡಿ. ಸಾಮಾನ್ಯ ಪಾಲಿಸಿಯಲ್ಲಿ ಸವೆತಕ್ಕಾಗಲಿ, ತಾನಾಗಿ ಕೆಟ್ಟ ಯಂತ್ರಭಾಗಕ್ಕಾಗಲಿ ದುಡ್ಡು ಬರುವುದಿಲ್ಲ. ಅಪಘಾತವಾದರೂ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಶೇ 50ರಷ್ಟು ಸವಕಳಿ ಕಳೆಯುತ್ತಾರೆ. ಅದನ್ನು ತಪ್ಪಿಸುವ ಝೀರೋ ಡೆಪ್ ಸೌಲಭ್ಯ ಇಷ್ಟು ಹಳೆಯ ಕಾರಿಗೆ ಸಿಗುವುದು ಕಷ್ಟ.

ಮೊಬೈಲ್ ತೆರೆದರೆ ‘ಸಣ್ಣ ಕಾರಿನ ದುಡ್ಡಿಗೆ ಜರ್ಮನ್ ಕಾರು’ ಎನ್ನುವ ರೀಲ್ಸ್. ನಮ್ಮ ಕ್ಲಾಸಿನಲ್ಲೂ ಮೊದಲ ಸಂಬಳಕ್ಕೇ ಈ ಕನಸು ಕಟ್ಟಿಕೊಂಡವರಿದ್ದಾರೆ. ಕನಸು ತಪ್ಪಲ್ಲ. ಆದರೆ ಕೆಲಸ ಹೊಸದು, ಸಾಲದ ಕಂತು ತಲೆಮೇಲೆ, ಮನೆಯವರು ನಮ್ಮನ್ನೇ ನೆಚ್ಚಿಕೊಂಡಿರುವಾಗ ಇಂಥ ಕಾರು ತರುವುದು ಬೇಲಿ ಮೇಲಿದ್ದ ಓತಿಕ್ಯಾತನನ್ನು ಮೈಮೇಲೆ ಬಿಟ್ಟುಕೊಂಡಂತೆ. ಕಂಪನಿಯಲ್ಲಿ ಕಿರಿಕಿರಿ ಇದ್ದರೂ ಕಂತಿನ ಭಯಕ್ಕೆ ಅಣ್ಣ ಕೆಲಸ ಬಿಡುವ ಯೋಚನೆಯನ್ನೇ ಕೈಬಿಟ್ಟಿದ್ದ.

ತಗೊಳ್ಳಲೇಬೇಕು ಅಂದರೆ, ನಾನು ಮಾಡದೇ ಹೋದ ಕೆಲಸಗಳನ್ನು ನೀವು ಮಾಡಿ. ಮಾರುವವರಿಗೆ ಸಂಬಂಧವಿಲ್ಲದ ಗ್ಯಾರೇಜಿನಲ್ಲಿ ಸ್ಕ್ಯಾನ್ ಮಾಡಿಸಿ. ಮೀಟರ್ ತಿರುಗಿಸಿದ್ದರೆ ಕೆಲವೊಮ್ಮೆ ಕಾರಿನ ಬೇರೆ ಕಂಪ್ಯೂಟರ್‌ಗಳಲ್ಲಿ ನಿಜವಾದ ಕಿ.ಮೀ. ಉಳಿದಿರುತ್ತದೆ. ಸರ್ವಿಸ್ ದಾಖಲೆ, ಇನ್ಶೂರೆನ್ಸ್ ಕ್ಲೇಮ್ ವಿವರ ಕೇಳಿ. ಏರ್ ಸಸ್ಪೆನ್ಷನ್ ಇದ್ದರೆ ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಹೋಗಿ ನೋಡಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನಲ್ಲಿ ದುಬಾರಿ ಕಾರುಗಳು ಮುಳುಗಿದ್ದನ್ನು ಎಲ್ಲರೂ ಟಿ.ವಿ.ಯಲ್ಲಿ ನೋಡಿದ್ದೇವೆ, ನೀರು ನುಗ್ಗಿದ ಕಾರಿನ ವೈರಿಂಗ್ ಕಾಟ ಬೇಗ ಮುಗಿಯುವುದಿಲ್ಲ. ಹಾಗಾಗಿ ಕಾರ್ಪೆಟ್ ಎತ್ತಿ ಕೆಸರು, ತುಕ್ಕು ಇದೆಯಾ ನೋಡಿ. ಹೊರರಾಜ್ಯದ ನಂಬರ್ ಆದರೆ ಎನ್‌ಒಸಿ, ಕರ್ನಾಟಕದ ತೆರಿಗೆ, ಮರುನೋಂದಣಿಯ ಖರ್ಚು ಸೇರಿಸಿಯೇ ಅಗ್ಗವೋ ಅಲ್ಲವೋ ಹೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಕಾರಿನ ಬೆಲೆಯ ಮೂರನೇ ಒಂದು ಭಾಗದಷ್ಟಾದರೂ ರಿಪೇರಿಗೆಂದು ಕೈಯಲ್ಲಿ ಇಲ್ಲದಿದ್ದರೆ ಆ ಕಾರು ನಮ್ಮದಲ್ಲ.

ಅಣ್ಣ ಈಗ ಮೆಟ್ರೊದಲ್ಲಿ ಆಫೀಸಿಗೆ ಹೋಗುತ್ತಾನೆ. ಸಾಲ ಇನ್ನೂ ಮೂರು ವರ್ಷ ಇದೆ. ನನ್ನನ್ನು ಒಂದು ದಿನವೂ ಬೈದಿಲ್ಲ. ಮೊನ್ನೆ ಅವನ ಗೆಳೆಯರೊಬ್ಬರು ಕಾರು ನೋಡಲು ನನ್ನನ್ನು ಕರೆದರು. ಈ ಸಲ ಬಾನೆಟ್ ಎತ್ತುವ ಮೊದಲೇ ಕೇಳಿದೆ: ‘ಕಾರಿಗೆ ದುಡ್ಡು ಕೊಟ್ಟ ಮೇಲೆ ನಿಮ್ಮ ಹತ್ತಿರ ಎಷ್ಟು ಉಳಿಯುತ್ತೆ?’