ಕಾಯುವವನ ನೆಲ

ಕಬಡ್ಡಿಯಲ್ಲಿ ಚಪ್ಪಾಳೆ ದಾಳಿಗಾರನಿಗೆ. ನಾವಿರುವ ಬಾರಾಮತಿಯಲ್ಲೂ ಅದೇ ರೂಢಿ. ಆದರೆ ರಕ್ಷಕನ ಬದುಕನ್ನೂ ನೋಡಬೇಕು. ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿಯವರನ್ನು ಪುಣೇರಿ ಪಲ್ಟನ್ 2.35 ಕೋಟಿ ರೂಪಾಯಿಗೆ ಕೊಂಡಿತು. ಎಡಮೂಲೆಯಲ್ಲಿ ನಿಂತು ಅವರು ಹಿಡಿತದಿಂದಲೇ 99 ಅಂಕ ಗಳಿಸಿದರು, ಕನ್ನಡಿಗ ಬಿ.ಸಿ. ರಮೇಶ್ ಅವರ ತರಬೇತಿಯಲ್ಲಿ ತಂಡ 2024ರ ಮಾರ್ಚ್‌ನಲ್ಲಿ ಮೊದಲ ಬಾರಿಗೆ ಪ್ರೊ ಕಬಡ್ಡಿ ಪ್ರಶಸ್ತಿ ಗೆದ್ದಿತು. ಮುಂದಿನ ಹರಾಜಿನಲ್ಲಿ ಅವರು ಹರಿಯಾಣ ಸ್ಟೀಲರ್ಸ್ ಪಾಲಾದರು. ಅದೇ ವರ್ಷದ ಡಿಸೆಂಬರ್ 29ರಂದು, ಪುಣೆಯ ಬಾಳೇವಾಡಿಯಲ್ಲಿಯೇ, ಹರಿಯಾಣಕ್ಕೂ ಚೊಚ್ಚಲ ಪ್ರಶಸ್ತಿ ದೊರೆಯಿತು.

ಇದನ್ನು ಕೂಲಿಯಾಟವೆಂದು ಹಳಿಯುವವರ ಮಾತನ್ನು ನಾವು ಒಪ್ಪೆವು. ಪಕ್ಕದವನ ಕೈ ಹಿಡಿದು ಸರಪಳಿಯಲ್ಲಿ ನಿಂತವನು, ನಿಂತಷ್ಟು ಹೊತ್ತು ಆ ಅಂಗಳದ ಮಗನೇ. ಹೊರನಾಡಿನಲ್ಲಿ ದುಡಿಯುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನೆಲವನ್ನು ಕಾದವನಿಗೆ ಆ ನೆಲದ ಮೇಲೆ ಹಕ್ಕುಂಟು.