'ಗುಪ್ತಚರ ವೈಫಲ್ಯ' ಅಂದ್ರೆ ಯಾರ ವೈಫಲ್ಯ?

ಅನಿರೀಕ್ಷಿತ ದಾಳಿ ಎಲ್ಲೇ ನಡೆಯಲಿ, ಮಾರನೇ ದಿನ ಟಿವಿಯಲ್ಲಿ ಓಡುವ ಪದ ಒಂದೇ: 'ಗುಪ್ತಚರ ವೈಫಲ್ಯ'. ಮಾಹಿತಿಯೇ ಇರಲಿಲ್ಲವೇನೋ ಅನ್ನಿಸಬೇಕು, ಹಾಗಿರುತ್ತೆ ಅದರ ಧಾಟಿ. ಆದರೆ 1973ರ ಅಕ್ಟೋಬರ್ 6ರ ಮಧ್ಯಾಹ್ನ, ಯೋಮ್ ಕಿಪ್ಪುರ್ ದಿನ, ಸಿನಾಯ್ ಮತ್ತು ಗೋಲನ್‌ನಲ್ಲಿದ್ದ ಇಸ್ರೇಲಿ ಸೇನೆಯ ಮೇಲೆ ಈಜಿಪ್ಟ್, ಸಿರಿಯಾ ಒಟ್ಟಿಗೆ ಮುಗಿಬಿದ್ದಾಗ ಇಸ್ರೇಲ್ ಬಳಿ ಮಾಹಿತಿ ಬೇಕಾದಷ್ಟಿತ್ತು.

ಸೆಪ್ಟೆಂಬರ್ 25ರಂದು ಜೋರ್ಡಾನ್ ದೊರೆ ಹುಸೇನ್ ಗುಟ್ಟಾಗಿ ಬಂದು, ಸಿರಿಯಾದ ಪಡೆಗಳು ದಾಳಿಗೆ ಸಜ್ಜಾಗಿವೆ ಎಂದು ಪ್ರಧಾನಿ ಗೋಲ್ಡಾ ಮೇಯರ್‌ಗೆ ಹೇಳಿದ್ದರು. ಈಜಿಪ್ಟಿನ 'ಸಮರಾಭ್ಯಾಸ' ಬರೀ ಮರೆ ಇರಬಹುದು ಎಂದು ಬೆಂಜಮಿನ್ ಸಿಮಾನ್-ತೋವ್ ಎಂಬ ಕಿರಿಯ ಅಧಿಕಾರಿ ಅಕ್ಟೋಬರ್ ಮೊದಲ ದಿನವೇ ವರದಿ ಬರೆದರು. ಮೇಲಧಿಕಾರಿ ಅದನ್ನು ಮುಂದೆ ಕಳಿಸಲಿಲ್ಲ. ದಾಳಿಗೆ ಎರಡು ದಿನ ಮುಂಚೆ ಸೋವಿಯತ್ ಸಲಹೆಗಾರರ ಕುಟುಂಬಗಳು ವಿಮಾನ ಹತ್ತತೊಡಗಿದವು.

ಹಾಗಾದ್ರೆ ಎಡವಿದ್ದೆಲ್ಲಿ? ಸೇನಾ ಗುಪ್ತಚರ ಮುಖ್ಯಸ್ಥ ಎಲಿ ಜೈರಾ ತಂಡಕ್ಕೊಂದು ಗಟ್ಟಿ ನಂಬಿಕೆಯಿತ್ತು. ದೂರಗಾಮಿ ಬಾಂಬರ್, ಕ್ಷಿಪಣಿ ಸಿಗುವವರೆಗೆ ಈಜಿಪ್ಟ್ ಯುದ್ಧಕ್ಕಿಳಿಯಲ್ಲ. ಈಜಿಪ್ಟ್ ಇಲ್ಲದೆ ಸಿರಿಯಾ ಬರಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಯುದ್ಧದ ಭೀತಿ ಹುಟ್ಟಿ, ದುಡ್ಡು ಸುರಿದು ಸಿದ್ಧತೆ ಮಾಡಿದ್ದಾಯ್ತು, ಯುದ್ಧ ಬರಲಿಲ್ಲ. 'ಬರಲ್ಲ' ಅಂದವರ ಮಾತಿಗೆ ತೂಕ ಹೆಚ್ಚಿತು. ಇಂಜಿನಿಯರಿಂಗ್ ಓದಿದ ನನಗೆ ಇದು ಪರಿಚಿತ ಸಮಸ್ಯೆ: ಸೆನ್ಸರ್ ಸರಿಯಿದೆ, ಅದರ ರೀಡಿಂಗ್ ಅರ್ಥ ಮಾಡಿಕೊಳ್ಳುವ ಮಾಡೆಲ್ಲೇ ತಪ್ಪು. ರೀಡಿಂಗ್ ಮಾಡೆಲ್‌ಗೆ ಹೊಂದದಿದ್ದರೆ ರೀಡಿಂಗನ್ನೇ ಅನುಮಾನಿಸ್ತೀವಿ.

ಆ ಮಾಡೆಲ್‌ನಲ್ಲಿ ರಾಜಕಾರಣಕ್ಕೆ ಜಾಗವೇ ಇರಲಿಲ್ಲ. ಸಿನಾಯ್‌ನಿಂದ ಪೂರ್ತಿ ಹಿಂದೆ ಸರಿಯುವುದೂ ಸೇರಿದಂತೆ ಕೆಲವು ಷರತ್ತುಗಳಿಗೆ ಒಪ್ಪಿದರೆ ಶಾಂತಿ ಒಪ್ಪಂದಕ್ಕೆ ಸಿದ್ಧ ಎಂದು ಈಜಿಪ್ಟ್ ಅಧ್ಯಕ್ಷ ಸಾದತ್ 1971ರ ಫೆಬ್ರುವರಿಯಲ್ಲೇ ವಿಶ್ವಸಂಸ್ಥೆಯ ಪ್ರತಿನಿಧಿ ಗುನ್ನಾರ್ ಯಾರಿಂಗ್‌ಗೆ ತಿಳಿಸಿದ್ದರು. 1967ರ ಯುದ್ಧಪೂರ್ವ ಗಡಿಗೆ ಮರಳಲ್ಲ ಎಂದಿತು ಇಸ್ರೇಲ್. 1973ರ ಫೆಬ್ರುವರಿಯಲ್ಲಿ ಸಾದತ್ ತಮ್ಮ ಭದ್ರತಾ ಸಲಹೆಗಾರ ಹಫೀಜ್ ಇಸ್ಮಾಯಿಲ್‌ರನ್ನು ಅಮೆರಿಕಕ್ಕೆ ಕಳಿಸಿದರು. ಏನೂ ಕದಲಲಿಲ್ಲ. ಸಾದತ್‌ಗೆ ಬೇಕಿದ್ದದ್ದು ಇಸ್ರೇಲನ್ನು ಪೂರ್ತಿ ಸೋಲಿಸುವುದಲ್ಲ. ಸೂಯೆಜ್ ಕಾಲುವೆ ದಾಟಿ, ಒಂದಿಷ್ಟು ನೆಲ ಹಿಡಿದು, ಮಾತುಕತೆಗೆ ಎಳೆಯುವುದು. ಅಷ್ಟಕ್ಕೆ ದೂರಗಾಮಿ ಬಾಂಬರ್ ಯಾಕೆ?

ಇಸ್ರೇಲಿನ 2,600ಕ್ಕೂ ಹೆಚ್ಚು ಸೈನಿಕರು ಸತ್ತರು. ಎದುರು ಪಾಳಯದಲ್ಲಿ ಸತ್ತವರು ಇನ್ನೂ ಹೆಚ್ಚು. ಆರು ವರ್ಷದ ನಂತರ, 1979ರಲ್ಲಿ, ಸಿನಾಯ್ ಬಿಟ್ಟುಕೊಡಲು ಇಸ್ರೇಲ್ ಸಹಿ ಹಾಕಿತು.

ಅಗ್ರನಾಟ್ ಆಯೋಗ ಜೈರಾ ಮತ್ತು ಸೇನಾ ಮುಖ್ಯಸ್ಥ ಎಲಜಾರ್ ಹೊಣೆ ಎಂದಿತು. ಗೋಲ್ಡಾ, ರಕ್ಷಣಾ ಸಚಿವ ದಯಾನ್ ಮೇಲೆ ಹೊಣೆ ಹೊರಿಸಲಿಲ್ಲ. ಯುದ್ಧದಿಂದ ಮರಳಿದ ಸೈನಿಕರು ಸುಮ್ಮನಾಗಲಿಲ್ಲ, ಬೀದಿಗಿಳಿದರು. 1974ರ ಏಪ್ರಿಲ್‌ನಲ್ಲಿ ಗೋಲ್ಡಾ ರಾಜೀನಾಮೆ ಕೊಟ್ಟರು.

ನಮ್ಮಲ್ಲಿ? 1999ರ ಫೆಬ್ರುವರಿಯಲ್ಲಿ ಲಾಹೋರ್ ಘೋಷಣೆ, ಮೇನಲ್ಲಿ ಕಾರ್ಗಿಲ್. ನುಸುಳುಕೋರರ ಸುದ್ದಿ ತಂದವರು ಕುರಿಗಾಹಿಗಳು. ಕೆ. ಸುಬ್ರಹ್ಮಣ್ಯಂ ಸಮಿತಿಯ ವರದಿ ಬಂತು, ಆದರೆ ಅದರ ಕೆಲವು ಭಾಗಗಳನ್ನು ತೆಗೆದು ಸಾರ್ವಜನಿಕರ ಮುಂದಿಟ್ಟರು.

ಮುಂದಿನ ಸಲ 'ಗುಪ್ತಚರ ವೈಫಲ್ಯ' ಅಂತ ಕೇಳಿದಾಗ ಎರಡು ಪ್ರಶ್ನೆ ಕೇಳಿ. ಎಚ್ಚರಿಕೆ ಯಾರ ಮೇಜಿನವರೆಗೆ ಬಂದಿತ್ತು? ಅದಕ್ಕೂ ಮುಂಚೆ ಮಾತುಕತೆಯ ಬಾಗಿಲು ಮುಚ್ಚಿದ್ದು ಯಾರು? ಮೊದಲನೆಯದಕ್ಕೆ ಅಧಿಕಾರಿಗಳು ಉತ್ತರಿಸಬೇಕು. ಎರಡನೆಯದಕ್ಕೆ ಉತ್ತರಿಸಬೇಕಾದವರು ನಾವು ವೋಟು ಹಾಕಿದವರು.