ಪಾಸು

ನನ್ನ ಮಿತ್ರರೊಬ್ಬರು ಹಾಸನದಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದು ಈಗ ನಿವೃತ್ತರು. ಮೊನ್ನೆ ಸಂಜೆಯ ತಿರುಗಾಟದಲ್ಲಿ ಅವರು ನನ್ನನ್ನು ತಡೆದು ನಿಲ್ಲಿಸಿ, "ಆಕ್ಸ್‌ಫರ್ಡ್ ನಿಘಂಟಿನವರು 'ರನ್' ಎಂಬ ಒಂದು ಕ್ರಿಯಾಪದಕ್ಕೇ 645 ಅರ್ಥ ಎಣಿಸಿದ್ದಾರಂತೆ. ನಿಮ್ಮ ಕನ್ನಡದಲ್ಲಿ ಉಂಟೇನ್ರೀ ಅಂಥ ಸಂಪತ್ತು?" ಎಂದರು. 'ನಿಮ್ಮ ಕನ್ನಡ' ಎಂಬುದನ್ನು ಗಮನಿಸಬೇಕು. ಇವರ ತಾಯಿಗೆ ಕೊನೆಯವರೆಗೂ ಬೇರೊಂದು ಭಾಷೆ ಬರುತ್ತಿರಲಿಲ್ಲ.

ನಾನು 'ಹೊಡೆ' ಎಂದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು. "ಹೆದರಬೇಡಿ, ಅದೇ ನನ್ನ ಉತ್ತರ. ನಾವು ಗಾಡಿ ಹೊಡೆಯುತ್ತೇವೆ, ಗೋಡೆಗೆ ಸುಣ್ಣ ಹೊಡೆಯುತ್ತೇವೆ, ಆಲೂಗೆಡ್ಡೆಗೆ ಔಷಧಿ ಹೊಡೆಯುತ್ತೇವೆ, ಹೊಲಕ್ಕೆ ಗೊಬ್ಬರ ಹೊಡೆಯುತ್ತೇವೆ. ಗೊರಕೆ, ಹರಟೆ, ಕಾಪಿ, ಸುತ್ತು, ಎಲ್ಲವನ್ನೂ ಹೊಡೆಯುತ್ತೇವೆ. ಮಳೆ ಹೊಡೆಯುತ್ತದೆ, ನಾತ ಹೊಡೆಯುತ್ತದೆ, ಅದೃಷ್ಟವೂ ಒಮ್ಮೊಮ್ಮೆ ಹೊಡೆಯುತ್ತದೆ. ಎಣಿಸುವವರು ಬೇಕು, ಅಷ್ಟೆ" ಎಂದೆ. ಅವರು "ಅದೆಲ್ಲ ಆಡುಮಾತು" ಎಂದು ಕೈ ಒದರಿ ಹೊರಟುಹೋದರು. 'ರನ್' ಏನು ಸಂಸ್ಕೃತವೆ?

ಗೆದ್ದೆನೆಂದು ಬೀಗುತ್ತ ಮನೆಗೆ ಬಂದೆ. ರಾತ್ರಿ ಯೋಚಿಸಿದಾಗ ವಾದ ತಪ್ಪಿದ್ದು ಎಲ್ಲಿ ಎಂದು ತಿಳಿಯಿತು. ಒಂದು ಪದಕ್ಕೆ ಎಷ್ಟು ಅರ್ಥ ಎಂಬುದು ಜಗಳಕ್ಕೆ ವಿಷಯವೇ ಅಲ್ಲ. ಆ ಅರ್ಥಗಳ ಸಂದಿಯಲ್ಲಿ ನಾವು ಏನನ್ನು ಬಚ್ಚಿಡುತ್ತೇವೆ ಎಂಬುದೇ ವಿಷಯ. ಅದಕ್ಕೆ ಉದಾಹರಣೆ 'ರನ್' ಅಲ್ಲ, ಹಾಸನ ಸೀಮೆಯಲ್ಲಿ ಯಾರಿಗೂ ಅನುವಾದ ಬೇಡದ ಇನ್ನೊಂದು ಪುಟ್ಟ ಪದ: ಪಾಸು.

ಲ್ಯಾಟಿನ್ನಿನಲ್ಲಿ 'ಹೆಜ್ಜೆ' ಎಂಬರ್ಥದ ಪದದಿಂದ ಹುಟ್ಟಿ, ಫ್ರೆಂಚರ ಮನೆಯಲ್ಲಿ ಬೆಳೆದು, ಇಂಗ್ಲಿಷರ ಜೊತೆ ಬಂದು ನಮ್ಮಲ್ಲಿ ನೆಲೆ ನಿಂತ ಪದ ಇದು. ಬಂದದ್ದಕ್ಕೆ ನನ್ನ ಆಕ್ಷೇಪವಿಲ್ಲ. 'ರಹದಾರಿ'ಯೂ ಪಾರಸಿಯಿಂದ ಬಂದದ್ದೇ. ಮದುವೆ ಮನೆಯಲ್ಲಿ ಉಪ್ಪಿನಕಾಯಿಯನ್ನು ಈ ಕಡೆ ಪಾಸ್ ಮಾಡಿ ಎಂದರೆ ಕನ್ನಡ ಕೆಡುವುದಿಲ್ಲ. ಬಸ್ಸಿನೊಳಗೆ ಟೈಂಪಾಸ್ ಕಡಲೆಕಾಯಿ ಮಾರುವ ಹುಡುಗನಿಗೆ 'ಕಾಲಯಾಪನ' ಎಂದು ಕೂಗು ಎಂದು ಹೇಳುವಷ್ಟು ಕ್ರೂರಿಯೂ ನಾನಲ್ಲ. ಆಸ್ಪತ್ರೆಯಲ್ಲಿ ವೈದ್ಯರು ಕೇಳುವ ಪಾಸಿನ ವಿಚಾರ ಇಲ್ಲಿ ಬೇಡ.

ನಮ್ಮ ಬಂಧುಬಳಗವೆಲ್ಲ ಈ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಹರಡಿಕೊಂಡಿದೆ. ಅರಕಲಗೂಡಿನ ಕಡೆ ಇರುವ ನನ್ನ ಹೆಂಡತಿಯ ತಮ್ಮ ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಾನೆ. ಬೆಳಗ್ಗೆ ಲ್ಯಾಕ್ಟೋಮೀಟರು ಮುಳುಗಿಸಿ ನೋಡಿ "ಪಾಸು" ಎಂದರೆ ಅವನ ಮುಖದಲ್ಲಿ ಬೆಳಕು. ಆ ಗಾಜಿನ ಕೊಳವೆ ಹಾಲು ಯಾರ ಮನೆಯದೆಂದು ಕೇಳುವುದಿಲ್ಲ. ನೀರು ಬೆರೆಸಿದ ಹಾಲಿನಲ್ಲಿ ಅದು ಇನ್ನೂ ಆಳಕ್ಕೆ ಇಳಿಯುತ್ತದೆ, ಅದು ಅಧ್ಯಕ್ಷರ ಹಾಲಾದರೂ ಸರಿಯೆ. ಇದು ಪಾಸಿನ ಒಂದು ಅರ್ಥ, ಮಾನವಾದ ಅರ್ಥ.

ಹೊಳೆನರಸೀಪುರದಿಂದ ನನ್ನ ತಂಗಿಯ ಮೊಮ್ಮಗ ಹಾಸನಕ್ಕೆ ಕಾಲೇಜಿಗೆ ಬರುತ್ತಾನೆ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಬಂತು. ಗಂಡುಹುಡುಗರಿಗೆ ಇನ್ನೂ ವಿದ್ಯಾರ್ಥಿ ಪಾಸೇ ಗತಿ. "ಪಾಸಾ? ಹಿಂದಿನ ಬಸ್ಸಿಗೆ ಬಾ ಹೋಗು" ಎನ್ನುವ ನಿರ್ವಾಹಕನನ್ನು ಅವನು ಎಷ್ಟು ಸಲ ಕಂಡಿದ್ದಾನೋ. ಅವನ ಕೈಯಲ್ಲಿ ಪಾಸೆಂಬುದು ಬಡತನದ ಗುರುತಿನ ಚೀಟಿ. ಚನ್ನರಾಯಪಟ್ಟಣದ ನನ್ನ ಷಡ್ಡಕರ ಗೋಳು ಇನ್ನೊಂದು: ರಾತ್ರಿ ಬೆಂಗಳೂರಿನಿಂದ ಹೊರಟ ಬಸ್ಸು "ಬೈಪಾಸ್" ಎಂದುಬಿಟ್ಟರೆ ಅರವತ್ತೆಂಟು ವರ್ಷದ ಮನುಷ್ಯ ಹೆದ್ದಾರಿಯ ಪಕ್ಕ ಕತ್ತಲಲ್ಲಿ ಇಳಿದು ಊರಿಗೆ ನಡೆಯಬೇಕು.

ಇವೆಲ್ಲ ಇರಲಿ. ನನ್ನ ಸಿಟ್ಟು ಇರುವುದು ಹಾಸನಾಂಬೆಯ ಜಾತ್ರೆಯ ಕಾಲಕ್ಕೆ ನಮ್ಮ ಪಟ್ಟಣದಲ್ಲಿ ಮೊಳೆಯುವ ಪಾಸಿನ ಮೇಲೆ. ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ಗುಡಿಯ ಬಾಗಿಲು ತೆರೆಯುತ್ತದೆ, ಬಲಿಪಾಡ್ಯಮಿ ಕಳೆದ ಮೇಲೆ ಮುಚ್ಚುತ್ತದೆ. ಉಳಿದಂತೆ ವರ್ಷವೆಲ್ಲ ದೇವಿಗೆ ನಮ್ಮಿಂದ ಬಿಡುವು. ಆ ಕೆಲವು ದಿನಗಳಲ್ಲಿ ಉಚಿತ ಸಾಲು ಒಂದು. ಈಚಿನ ವರ್ಷಗಳಲ್ಲಿ 300 ರೂಪಾಯಿಯ ಸಾಲು, 1000 ರೂಪಾಯಿಯ ಸಾಲು. ಇವೆಲ್ಲಕ್ಕೂ ಮೇಲೆ, ಸಾಲೇ ಇಲ್ಲದವರದೊಂದು ದಾರಿ. ಒಂದು ವರ್ಷ ಅದರ ಹೆಸರು ಪಾಸು, ಮತ್ತೊಂದು ವರ್ಷ ಕಾರ್ಡು. ಹೆಸರು ಬದಲಾದರೂ ಹಿಡಿಯುವ ಕೈಗಳು ಅವೇ.

ಆಡಳಿತವನ್ನು ಬಯ್ಯಲು ನಾನು ಹೊರಟಿಲ್ಲ. ಬೇಡುವವರು ನಾವು: ಈ ಪುರವಣಿಯನ್ನು ಓದುವ ನಾನು, ನೀವು. ನಾನೂ ಒಮ್ಮೆ ಪಾಸಿನಲ್ಲಿ ಹೋದವನೆ. ಅಂದು ನಾಲ್ಕು ಗಂಟೆಯಿಂದ ನಿಂತಿದ್ದ ಸಾಲಿನ ಪಕ್ಕದಲ್ಲೇ ನಮ್ಮನ್ನು ಕರೆದೊಯ್ದರು. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದ ಹೆಂಗಸೊಬ್ಬಳು ಬೇಲಿಯ ಆಚೆಯಿಂದ ನನ್ನ ಕೈಯ ಚೀಟಿಯನ್ನು ನೋಡಿ, "ನಿಮ್ದು ಪಾಸಾಯ್ತಾ ಯಜಮಾನ್ರೆ?" ಎಂದಳು. ವ್ಯಂಗ್ಯವೇನೂ ಇರಲಿಲ್ಲ, ನಿಜವಾಗಿಯೇ ಕೇಳಿದಳು. ನಾನು "ಆಯ್ತಮ್ಮ" ಎಂದೆ. ಯಾವ ಪರೀಕ್ಷೆಯಲ್ಲಿ ಪಾಸಾಗಿದ್ದೆ ನಾನು? ಪರಿಚಯದ ಅಧಿಕಾರಿಯೊಬ್ಬರಿಗೆ ಎರಡು ಸಲ ಫೋನು ಮಾಡಿದ್ದೇ ನನ್ನ ಅರ್ಹತೆ.

2019ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೆ ಮೊದಲನೆಯದಾಯಿತು. ಆ ಮಕ್ಕಳು ಪಾಸಾದದ್ದಕ್ಕೂ ನಾನು ಪಾಸು ತಂದದ್ದಕ್ಕೂ ಒಂದೇ ಪದ! ಕನ್ನಡದಲ್ಲಿ ಈ ಗೊಂದಲ ಸಾಧ್ಯವಿಲ್ಲ. ಮಗು 'ಉತ್ತೀರ್ಣ'ವಾಯಿತು ಎನ್ನುತ್ತೇವೆ, ಎಂದರೆ ದಾಟಿ ದಡ ಸೇರಿತು ಎಂದು. ಹೇಮಾವತಿಯ ದಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಳೆಯನ್ನು ಮೈ ಒದ್ದೆ ಮಾಡಿಕೊಂಡು ದಾಟುವುದೇ ಬೇರೆ, ಇನ್ನೊಬ್ಬರ ಹೆಗಲೇರಿ ದಾಟುವುದೇ ಬೇರೆ. ನನ್ನ ಕೈಯಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳುವುದಾದರೆ 'ಸರದಿ ತಪ್ಪಿಸುವ ಚೀಟಿ' ಎನ್ನಬೇಕು. ಇಲ್ಲದವನಿಗೆ ಆಸರೆಯಾಗಲಿ ಎಂದು ಕೊಡುವ ವಿದ್ಯಾರ್ಥಿಯ ಪಾಸಿಗೆ ನಮ್ಮಲ್ಲಿ ಗದರಿಕೆ. ಇರುವವನಿಗೆ ಇನ್ನಷ್ಟಿರಲಿ ಎಂದು ಕೊಡುವ ಈ ಪಾಸಿಗೆ ನಮಸ್ಕಾರ. ಎರಡಕ್ಕೂ ಒಂದೇ ಹೆಸರಿರುವುದರಿಂದ ನಮಗೆ ನಾಚಿಕೆಯಾಗದೆ ಉಳಿದಿದೆ.

ಆ ಗುಡಿಯಲ್ಲಿ ಸೊಸೆ ಕಲ್ಲು ಎಂಬುದೊಂದಿದೆ. ಅದು ವರ್ಷಕ್ಕೊಂದು ಭತ್ತದ ಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದೆಂದು ಪ್ರತೀತಿ. ಹೆಜ್ಜೆಯೆಂಬ ಮೂಲಾರ್ಥಕ್ಕೆ ನಿಷ್ಠೆಯಿಂದಿರುವುದು ಅದೊಂದೇ ಎಂದು ಕಾಣುತ್ತದೆ.

ಆದ್ದರಿಂದ ನನ್ನ ಸೂಚನೆ ಇಷ್ಟು: ಚೀಟಿ ಕೊಡುವುದನ್ನು ನಿಲ್ಲಿಸಲಾಗದಿದ್ದರೆ ಅದರ ನೆತ್ತಿಯ ಮೇಲೆ ಆ ಮೂರು ಕನ್ನಡ ಪದಗಳನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಲಿ. ಕತ್ತಿಗೆ ನೇತುಹಾಕಿಕೊಂಡು ಹೋಗುವವರು ಹೋಗಲಿ.

ಇದನ್ನು ಬರೆದು ಮುಗಿಸುವ ಹೊತ್ತಿಗೆ ಅರಕಲಗೂಡಿನಿಂದ ಫೋನು ಬಂತು. ಹಾಲು ಹಾಕುವ ಅದೇ ಭಾವಮೈದುನ.

"ಭಾವ, ಈ ಸಲ ಅಮ್ಮನೋರಿಗೆ ಪಾಸೇನಾದ್ರೂ ಸಿಗುತ್ತಾ?"

"ಸರದಿ ತಪ್ಪಿಸೋ ಚೀಟಿಯೇನಪ್ಪ?"

ಅವನು ಕೊಂಚ ಹೊತ್ತು ಸುಮ್ಮನಿದ್ದ.

"ಅದೇ ಭಾವ. ನಾಲ್ಕು ಬೇಡ, ಎರಡು ಸಾಕು."